ಡಿಗ್ರಿಗೆ ಯಾವ ವಿಷಯ ತಗೊಳ್ತೀರಿ?

(ಬಿಳಿಕೆರೆಯಲ್ಲಿ ಸೇರಿದ್ದ ಕಾಲೇಜು ಹುಡುಗ ಹುಡುಗಿಯರ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಈ ಸಭೆ ಕರೆದ ಹುಡುಗರು ಕೊಟ್ಟ ವಿಷಯ ನೋಡಿ ಮೊದಲು ನನಗೆ ನಗು ಬಂತು. ಕನ್ನಡ ಚಳವಳಿಯವನನ್ನು ವೇದಿಕೆಗೆ ಹತ್ತಿಸಿದರೆ ಜನ ಕಾಯುವುದು ಕಾವೇರಿಗೆ, ನಾಮಫಲಕಕ್ಕೆ, ಬ್ಯಾಂಕಿನ ಚಲನ್ನಿಗೆ. ಇವರು ಕೇಳಿದ್ದು ಬೇರೆ. 'ಸಾರ್, ನಮ್ಮಲ್ಲಿ ಆರೇಳು ಜನ ಮುಂದೆ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಬೇಕು ಅಂತಿದ್ದೀವಿ. ಇಬ್ಬರು ಪಿಎಚ್.ಡಿ. ತನಕ ಹೋಗ್ತೀವಿ ಅಂತಿದ್ದಾರೆ. ಈಗ ಡಿಗ್ರಿಗೆ ಏನು ತಗೋಬೇಕು, ಅದನ್ನು ಹೇಳಿ ಸಾಕು.' ಇದಕ್ಕೆ ಕನ್ನಡ ಚಳವಳಿಯವನು ಯಾಕೆ ಬೇಕು, ಕಾಲೇಜಿನ ಮೇಷ್ಟರು ಸಾಲದೇ ಅಂದುಕೊಂಡೆ.

ಆಮೇಲೆ ಯೋಚನೆ ಮಾಡಿದೆ. 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾತೃಭಾಷೆಯಲ್ಲೇ ಪ್ರಾಥಮಿಕ ಶಿಕ್ಷಣ ಕೊಡಬೇಕೆಂದು ಖಾಸಗಿ ಶಾಲೆಗಳನ್ನು ಸರ್ಕಾರ ಬಲವಂತ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ನಾವೆಲ್ಲ ಬೀದಿಗೆ ಬಂದೆವು, ಕೂಗಿದೆವು, ಗಂಟಲು ಕಟ್ಟಿತು. ಆ ತೀರ್ಪನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ನಮ್ಮ ಗುಂಪಿನಲ್ಲಿ ಎಷ್ಟು ಜನ ಅಂತ ಒಮ್ಮೆ ಕೇಳಿದ್ದೆ. ಕೈ ಎತ್ತಿದವರನ್ನು ಎಣಿಸಲು ಒಂದು ಕೈಯ ಬೆರಳೂ ಹೆಚ್ಚಾದವು. ಕನ್ನಡದ ಪರವಾಗಿ ಕೂಗುವವರು ಲಕ್ಷ ಜನ ಇದ್ದಾರೆ. ಸಂವಿಧಾನದ ಯಾವ ವಿಧಿಯ ಮೇಲೆ ಕನ್ನಡ ಬಿದ್ದಿತು, ಯಾವ ವಿಧಿಯ ಮೇಲೆ ಎದ್ದು ನಿಲ್ಲಬಹುದು ಅಂತ ಹೇಳುವವರು ಎಷ್ಟು ಮಂದಿ? ಹಾಗಾಗಿ ಈ ಹುಡುಗರ ಪ್ರಶ್ನೆ ನಾಮಫಲಕಕ್ಕಿಂತ ಚಿಕ್ಕದಲ್ಲ ಅಂತ ಒಪ್ಪಿಕೊಂಡು ಬಂದಿದ್ದೇನೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ, ಎರಡೇ ಮಾತಿನಲ್ಲಿ. ನನ್ನ ಡಿಗ್ರಿಯ ವಿಷಯಗಳನ್ನು ಆರಿಸಿದ್ದು ನಾನಲ್ಲ. ಕೌಂಟರಿನ ಹಿಂದೆ ಕೂತಿದ್ದ ಗುಮಾಸ್ತರು. ಅರ್ಜಿಯ ಮೇಲೆ ನಾನು ಬರೆದಿದ್ದನ್ನು ನೋಡಿ, 'ಆ ಕಾಂಬಿನೇಷನ್ ತುಂಬಿಹೋಗಿದೆ, ಇದು ಖಾಲಿ ಇದೆ, ಹಾಕ್ಲಾ?' ಅಂದರು. ಹಿಂದೆ ಕ್ಯೂ ಇತ್ತು. ಊರಿಗೆ ಬಸ್ಸು ಹೊರಡುವ ಹೊತ್ತಾಗಿತ್ತು. 'ಹಾಕಿ ಸಾರ್' ಅಂದೆ. ಮೂರು ವರ್ಷ ಆ 'ಹಾಕಿ ಸಾರ್' ಅನ್ನುವ ಎರಡು ಪದಕ್ಕೆ ಬೆಲೆ ತೆತ್ತೆ. ನೀವು ಈ ಕೆಲಸ ಮಾಡಬೇಡಿ. ನಿಮ್ಮ ಗುಮಾಸ್ತರು ಒಳ್ಳೆಯವರೇ ಇರಬಹುದು, ಆದರೆ ನಿಮ್ಮ ಇಪ್ಪತ್ತು ವರ್ಷದ ಬದುಕಿನ ಲೆಕ್ಕ ಅವರ ರಿಜಿಸ್ಟರಿನಲ್ಲಿ ಇರುವುದಿಲ್ಲ.

ಈಗ ವಿಷಯಕ್ಕೆ ಬರೋಣ. ಎಂ.ಎ.ಗೆ ರಾಜ್ಯಶಾಸ್ತ್ರ ಮಾಡಬೇಕಾದರೆ ಡಿಗ್ರಿಯಲ್ಲೂ ರಾಜ್ಯಶಾಸ್ತ್ರ ಓದಿರಲೇಬೇಕೇ? ಇದಕ್ಕೆ ಎರಡು ಉತ್ತರ ಇದೆ, ನೀವು ಯಾವ ಬಾಗಿಲು ತಟ್ಟುತ್ತೀರಿ ಅನ್ನುವುದರ ಮೇಲೆ. ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ಡಿಗ್ರಿಯಲ್ಲಿ ಅದೇ ವಿಷಯವನ್ನು ಐಚ್ಛಿಕವಾಗಿ ಓದಿದವರನ್ನೇ ಕೇಳುತ್ತವೆ. ದೆಹಲಿಯ ಜೆಎನ್‌ಯು ಹಾಗಲ್ಲ. ಅಲ್ಲಿ ಬಿ.ಎಸ್ಸಿ. ಆದವನೂ ಬಿ.ಕಾಂ. ಆದವಳೂ ರಾಜ್ಯಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕಬಹುದು, ಪ್ರವೇಶ ಪರೀಕ್ಷೆ ಗೆಲ್ಲಬೇಕು ಅಷ್ಟೆ. ಅಮೆರಿಕದಲ್ಲೂ ಹೀಗೇ. ಅಲ್ಲಿನ ರಾಜ್ಯಶಾಸ್ತ್ರದ ಪಿಎಚ್.ಡಿ.ಗೆ ಇತಿಹಾಸ, ಅರ್ಥಶಾಸ್ತ್ರ, ಗಣಿತ ಓದಿದವರೂ ಸೇರುತ್ತಾರೆ. ಅವರು ನೋಡುವುದು ನೀವು ಬರೆದ ಒಂದು ಒಳ್ಳೆಯ ಪ್ರಬಂಧ, ಮೇಷ್ಟರ ಪತ್ರ, ನೀವು ಕೇಳಬೇಕೆಂದಿರುವ ಪ್ರಶ್ನೆ ಇವನ್ನು.

ಅಂದರೆ ದೂರದವರು ಬಾಗಿಲು ತೆರೆದಿಟ್ಟಿದ್ದಾರೆ, ಮನೆಯವರು ಚೀಟಿ ಕೇಳುತ್ತಾರೆ! ಆದರೆ ನಮಗೆ ಒಂದು ಅನುಕೂಲ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ತಂದಿದ್ದರು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ, ಮೂರು ಮುಖ್ಯ ವಿಷಯ ಎಂದು ಆದೇಶ ಮಾಡಿತು. ನಮ್ಮ ಅಣ್ಣಂದಿರು ಎಚ್‌ಇಪಿ, ಎಚ್‌ಪಿಕೆ ಅಂತ ಹೇಳಿಕೊಂಡು ಓಡಾಡುತ್ತಿದ್ದರಲ್ಲ, ಅದೇ ದಾರಿ. ಈ ಪದ್ಧತಿಯಲ್ಲಿ ರಾಜ್ಯಶಾಸ್ತ್ರವನ್ನು ಮೂರರಲ್ಲಿ ಒಂದು ಮಾಡಿಕೊಂಡರೆ ಎರಡು ಬಾಗಿಲೂ ತೆರೆದೇ ಇರುತ್ತವೆ. ಆದ್ದರಿಂದ ಈ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಬೇಡಿ. ರಾಜ್ಯಶಾಸ್ತ್ರ ಇಟ್ಟುಕೊಳ್ಳಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಉಳಿದ ಎರಡಕ್ಕೆ. ಅಲ್ಲೇ ನೀವು ಎಂಥ ರಾಜ್ಯಶಾಸ್ತ್ರಜ್ಞರಾಗುತ್ತೀರಿ ಅನ್ನುವುದು ತೀರ್ಮಾನವಾಗುವುದು.

ಇದನ್ನು ಹೇಳಲು ನಾನು ಹಾರ್ವರ್ಡಿಗೆ ಹೋಗಬೇಕಾಗಿಲ್ಲ. ಈ ಬಿಳಿಕೆರೆಯ ಸರ್ಕಲ್ಲಿನಲ್ಲಿ ನಿಂತು ನಾಲ್ಕು ಕಡೆ ನೋಡಿದರೆ ಸಾಕು. ಒಂದು ರಸ್ತೆ ಮೈಸೂರಿಗೆ, ಒಂದು ಹುಣಸೂರು, ಪಿರಿಯಾಪಟ್ಟಣಕ್ಕೆ, ಇನ್ನೊಂದು ಕೆ.ಆರ್. ನಗರಕ್ಕೆ.

ಹುಣಸೂರಿನ ದಾರಿಯಲ್ಲಿ ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆ ಇದೆ. ನಿಮ್ಮಲ್ಲಿ ಅರ್ಧ ಜನರ ಕಾಲೇಜು ಫೀಸು ಬಂದಿರುವುದು ಹೊಗೆಸೊಪ್ಪಿನಿಂದ. ಮೈಸೂರಿನ ರೂಮಿನಲ್ಲಿ, ಬೆಂಗಳೂರಿನ ಪಿ.ಜಿ.ಯಲ್ಲಿ ಕೂತಿರುವವರೂ ಇದನ್ನು ಮರೆಯಬೇಡಿ. ಯಾರು ಎಷ್ಟು ಬೆಳೆಯಬೇಕು ಅಂತ ತೀರ್ಮಾನ ಮಾಡುವುದು ತಂಬಾಕು ಮಂಡಳಿ. ಅದು 1975ರ ಕಾಯ್ದೆಯಿಂದ ಹುಟ್ಟಿದ್ದು, ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ ಇದೆ, ಮುಖ್ಯ ಕಚೇರಿ ಆಂಧ್ರದ ಗುಂಟೂರಿನಲ್ಲಿ. ಲೈಸೆನ್ಸ್ ಇರುವವನು ಒಂದು ರೇಟು ನೋಡುತ್ತಾನೆ, ಲೈಸೆನ್ಸ್ ಇಲ್ಲದವನು ದಂಡಕ್ಕೆ ಹೆದರುತ್ತಾನೆ. ಇನ್ನೊಂದು ಕಡೆ, ತಂಬಾಕು ಕಡಿಮೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಮಾಡಿತು. ಭಾರತ 2004ರಲ್ಲಿ ಅದಕ್ಕೆ ಒಪ್ಪಿಗೆ ಹಾಕಿತು. ಒಂದೇ ಸರ್ಕಾರದ ಒಂದು ಕೈ ಬೆಳೆಸುತ್ತದೆ, ಇನ್ನೊಂದು ಕೈ ಬೆಳೆಯಬೇಡ ಅನ್ನುತ್ತದೆ. ನಡುವೆ ಬ್ಯಾರನ್ನಿಗೆ ಸೌದೆ ಹಾಕುತ್ತ ರಾತ್ರಿ ನಿದ್ದೆಗೆಡುವವನು ನಿಮ್ಮಪ್ಪ. ಇದು ರಾಜ್ಯಶಾಸ್ತ್ರ ಅಲ್ಲವೇ? ಪಠ್ಯಪುಸ್ತಕದಲ್ಲಿ 'ಒಕ್ಕೂಟ ವ್ಯವಸ್ಥೆಯ ಲಕ್ಷಣಗಳು' ಅಂತ ಹತ್ತು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತೀರಲ್ಲ, ಅದರ ಹೊಗೆ ನಿಮ್ಮ ಹಿತ್ತಲಲ್ಲೇ ಏಳುತ್ತಿದೆ. ಆದರೆ ಇದನ್ನು ಬರೆಯಲು ಬೆಲೆ ಹೇಗೆ ನಿಲ್ಲುತ್ತದೆ, ಕೊಳ್ಳುವ ಕಂಪನಿಗಳು ಕೆಲವೇ ಇದ್ದರೆ ಹರಾಜು ಏನಾಗುತ್ತದೆ, ರಫ್ತು ಅಂದರೆ ಏನು ಅಂತ ಗೊತ್ತಿರಬೇಕು. ಅದು ಅರ್ಥಶಾಸ್ತ್ರ. ಅರ್ಥಶಾಸ್ತ್ರ ಅಂದ ತಕ್ಷಣ ಗಣಿತ ಬರುತ್ತೆ ಅಂತ ಓಡುವವರಿಗೆ ಒಂದು ಮಾತು: ಡಾ. ಅಂಬೇಡ್ಕರ್ ಬಾಂಬೆಯಲ್ಲಿ ಬಿ.ಎ. ಮಾಡಿದ್ದು ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ಎರಡರಲ್ಲೂ. ಸಂವಿಧಾನಕ್ಕೆ ಮೊದಲು ಅವರು ರೂಪಾಯಿಯ ಬಗ್ಗೆ ಬರೆದವರು.

ಗಣಿತದ ಮಾತು ಬಂತು, ಇನ್ನೊಬ್ಬರ ಕಥೆ. ಎಲಿನಾರ್ ಆಸ್ಟ್ರಂ ಅಂತ ಅಮೆರಿಕದ ಹೆಣ್ಣುಮಗಳು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯಶಾಸ್ತ್ರದ ಡಿಗ್ರಿ ಮಾಡಿದರು. ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕು ಅಂತ ಹೋದರೆ, ಗಣಿತ ಸಾಕಷ್ಟು ಓದಿಲ್ಲ ಅಂತ ಸೇರಿಸಿಕೊಳ್ಳಲಿಲ್ಲ. ಅವರು ರಾಜ್ಯಶಾಸ್ತ್ರದಲ್ಲೇ ಪಿಎಚ್.ಡಿ. ಮಾಡಿದರು. ಊರಿನ ನೀರು, ಕಾಡು, ಮೀನುಗಾರಿಕೆ ಇವನ್ನು ಜನ ಸರ್ಕಾರವೂ ಇಲ್ಲದೆ ಸಾಹುಕಾರನೂ ಇಲ್ಲದೆ ತಾವೇ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಜೀವಮಾನವೆಲ್ಲ ಹುಡುಕಿದರು. 2009ರಲ್ಲಿ ಅವರಿಗೆ ಯಾವುದರಲ್ಲಿ ನೊಬೆಲ್ ಬಂತು ಗೊತ್ತೇ? ಅರ್ಥಶಾಸ್ತ್ರದಲ್ಲಿ! ಆ ಬಹುಮಾನ ಪಡೆದ ಮೊದಲ ಹೆಂಗಸು ಅವರೇ. ಹೆಸರಿನಲ್ಲೇ ಕೆರೆ ಇರುವ ಊರಿನಲ್ಲಿ ಕೂತು ಈ ಮಾತು ಕೇಳುತ್ತಿದ್ದೀರಿ. ನಮ್ಮ ಸುತ್ತಿನ ಕೆರೆಗಳ ತೂಬು ಎತ್ತುವ ಹಕ್ಕು ಯಾರದಾಗಿತ್ತು, ಸರದಿ ಹೇಗೆ ಹಾಕುತ್ತಿದ್ದರು, ಯಾವಾಗ ಕೆಟ್ಟಿತು ಅಂತ ನಿಮ್ಮ ತಾತಂದಿರನ್ನು ಕೇಳಿ ಬರೆದಿಟ್ಟವರು ಎಷ್ಟು ಮಂದಿ?

ಕೇಳಿ ಬರೆಯುವುದು ಅಂದೆ. ಅದೇ ಸಮಾಜಶಾಸ್ತ್ರ. ಪೇಟೆಯ ಹುಡುಗರು ಇದನ್ನು 'ಸುಲಭದ ಸಬ್ಜೆಕ್ಟು' ಅಂತ ತಗೊಳ್ಳುತ್ತಾರೆ, ಅದಕ್ಕೇ ಅದು ಸುಲಭವಾಗಿಯೇ ಉಳಿಯುತ್ತದೆ. ಟಿ.ವಿ.ಯಲ್ಲಿ ಚುನಾವಣೆ ಬಂದರೆ ಸಾವಿರ ಸಲ ಹೇಳುತ್ತಾರಲ್ಲ 'ಓಟ್ ಬ್ಯಾಂಕ್', ಆ ಮಾತನ್ನು ಹುಟ್ಟಿಸಿದ್ದು ದೆಹಲಿಯ ರಾಜಕೀಯ ಪಂಡಿತರಲ್ಲ. ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. ಅವರು ಮಹಾರಾಜ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರದಲ್ಲಿ ಆನರ್ಸ್ ಮಾಡಿ, ಬಾಂಬೆಗೆ ಹೋಗಿ ಸಮಾಜಶಾಸ್ತ್ರ ಓದಿದವರು. 1948ರಲ್ಲಿ ಮೈಸೂರಿನ ಸಮೀಪದ ಒಂದು ಹಳ್ಳಿಗೆ ಬಂದು ಕೂತರು, ಅದಕ್ಕೆ 'ರಾಮಪುರ' ಅಂತ ಮರೆಹೆಸರು ಇಟ್ಟರು. ಗೌಡರ ಜಗಲಿಯ ಮೇಲೆ ಕೂತು ಯಾರು ಯಾರ ಮಾತು ಕೇಳುತ್ತಾರೆ, ಯಾರು ಯಾರ ಸಾಲದಲ್ಲಿದ್ದಾರೆ ಅಂತ ನೋಡಿದರು. ಅದರಿಂದಲೇ 1955ರ ಒಂದು ಬರಹದಲ್ಲಿ 'ಓಟ್ ಬ್ಯಾಂಕ್' ಅಂದರು. 'ಪ್ರಬಲ ಜಾತಿ' ಅನ್ನುವ ಮಾತೂ ಅವರದ್ದೇ. 1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡಿನಲ್ಲಿದ್ದಾಗ ಬೆಂಕಿ ಬಿದ್ದು ಅವರು ತಿದ್ದಿ ಸಿದ್ಧ ಮಾಡಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಗ ಆ ಹಳ್ಳಿಯನ್ನು ನೆನಪಿನಿಂದಲೇ ಬರೆದರು, 1976ರಲ್ಲಿ ಪುಸ್ತಕ ಬಂತು. ನೋಡಿ, ಇಡೀ ಇಂಡಿಯಾದ ರಾಜ್ಯಶಾಸ್ತ್ರ ಇವತ್ತಿಗೂ ಬಳಸುವ ಎರಡು ಮಾತು ನಮ್ಮ ಸೀಮೆಯ ಜಗಲಿಯ ಮೇಲೆ ಹುಟ್ಟಿದವು. ಮಂಡ್ಯದ ಕಡೆಯ ಎರಡು ಹಳ್ಳಿಗಳಿಗೆ ಬಂದ ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನುವಾಕೆಯೂ ಅಷ್ಟೆ. ನಾಲೆ ನೀರು ಬಂದ ಹಳ್ಳಿಗೂ ಬಾರದ ಹಳ್ಳಿಗೂ ವ್ಯತ್ಯಾಸ ಏನು ಅಂತ ನೋಡಿ 1962ರಲ್ಲಿ ಪುಸ್ತಕ ಮಾಡಿದರು. ಆಕೆಗೆ ಅರ್ಥಶಾಸ್ತ್ರವೂ ಗೊತ್ತಿತ್ತು, ಹಳ್ಳಿಯಲ್ಲಿ ಕೂರುವ ತಾಳ್ಮೆಯೂ ಇತ್ತು.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ನಮ್ಮ ಹಳ್ಳಿಯ ಮೇಲೆ ಲಂಡನ್ನಿನವರು, ಮ್ಯಾಂಚೆಸ್ಟರಿನವರು ಬಂದು ಪುಸ್ತಕ ಬರೆದರು. ಅವರಿಗೆ ನಮಸ್ಕಾರ. ಆದರೆ ಅದೇ ಹಳ್ಳಿಯ ಮಗ ಅದೇ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಲಾರದೆ ಗೈಡು ಕೊಂಡು ಪಾಸಾಗುತ್ತಾನೆ.

ಇತಿಹಾಸ ಬೇಡವೇ ಅಂತ ಕೇಳುತ್ತೀರಿ. ಬೇಕು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. 144 ಜನ ಬಂದರು. ಕಾಂಗ್ರೆಸ್ ಹುಟ್ಟಿದ್ದು 1885ರಲ್ಲಿ, ಅದಕ್ಕಿಂತ ನಾಲ್ಕು ವರ್ಷ ಮೊದಲು! 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಬೇಕೆಂದು ಹೇಳಿತು. ಅಲ್ಲಿಂದ 1972ರಲ್ಲಿ ನೇಮಕವಾದ ಹಾವನೂರು ಆಯೋಗದವರೆಗೆ ನೇರ ಗೆರೆ ಎಳೆಯಬಹುದು. ಆ ಆಯೋಗ ನೇಮಿಸಿದ್ದು ಯಾರು? ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಮೈಸೂರು ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಅಂತ ಹೆಸರು ಬಂದದ್ದು, ಉಳುವವನಿಗೆ ಭೂಮಿ ಅಂತ 1974ರಲ್ಲಿ ಕಾಯ್ದೆ ತಿದ್ದಿದ್ದು ಅವರ ಕಾಲದಲ್ಲೇ. ತಮಾಷೆ ಏನೆಂದರೆ ಅರಸು ಓದಿದ್ದು ವಿಜ್ಞಾನ. ಅವರ ರಾಜಕಾರಣದ ಬಗ್ಗೆ ಎಲ್ಲರೂ ಹೆಸರಿಸುವ ಪುಸ್ತಕ ಬರೆದವರು ಜೇಮ್ಸ್ ಮ್ಯಾನರ್ ಎಂಬ ವಿದೇಶಿ ಪ್ರೊಫೆಸರು, ಜೊತೆಗೆ ನಮ್ಮ ಪತ್ರಕರ್ತ ಇ. ರಾಘವನ್. ಅದೂ ಇಂಗ್ಲಿಷಿನಲ್ಲಿ, 2009ರಲ್ಲಿ. ಹುಣಸೂರಿನವನೊಬ್ಬ ಕನ್ನಡದಲ್ಲಿ ಅಷ್ಟೇ ಗಟ್ಟಿಯಾಗಿ ಬರೆದಿದ್ದರೆ ನಾನು ಇವತ್ತು ಇಷ್ಟು ಮಾತಾಡುತ್ತಿರಲಿಲ್ಲ.

ಅರಸರ ಕ್ಷೇತ್ರದ ಮಾತು ಬಂದಾಗ ಇನ್ನೊಂದು ಹೇಳಲೇಬೇಕು. ಹುಣಸೂರಿನವರಿಗೆ ಸಂವಿಧಾನದ ಹತ್ತನೇ ಷೆಡ್ಯೂಲು ಅಂದರೆ ಏನು ಅಂತ ಪಾಠ ಮಾಡಬೇಕಾಗಿಲ್ಲ. 2018ರಲ್ಲಿ ಜೆಡಿಎಸ್‌ನಿಂದ ಗೆದ್ದ ಎ.ಎಚ್. ವಿಶ್ವನಾಥ್ 2019ರಲ್ಲಿ ರಾಜೀನಾಮೆ ಕೊಟ್ಟರು, ಸ್ಪೀಕರ್ ಅನರ್ಹ ಮಾಡಿದರು, ಸುಪ್ರೀಂ ಕೋರ್ಟು ಅದೇ ನವೆಂಬರಿನಲ್ಲಿ ಅನರ್ಹತೆ ಸರಿ, ಆದರೆ ಮತ್ತೆ ನಿಲ್ಲಬಹುದು ಅಂತು. ಬಿಜೆಪಿಯಿಂದ ನಿಂತರು, ಡಿಸೆಂಬರಿನಲ್ಲಿ ಸೋತರು, ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಗೆದ್ದರು. 2023ರಲ್ಲಿ ಮತ್ತೆ ಜೆಡಿಎಸ್. ಒಂದೇ ಕ್ಷೇತ್ರದಲ್ಲಿ ಐದು ವರ್ಷದಲ್ಲಿ ಮೂರು ಚುನಾವಣೆ, ಮೂರು ಬೇರೆ ಫಲಿತಾಂಶ. ಸಂಶೋಧಕನಿಗೆ ಇದಕ್ಕಿಂತ ಒಳ್ಳೆ ಗದ್ದೆ ಎಲ್ಲಿ ಸಿಕ್ಕೀತು? ಚುನಾವಣಾ ಆಯೋಗದ 'ಫಾರಂ 20' ಅಂತ ಒಂದು ಇದೆ. ಅದರಲ್ಲಿ ಬೂತು ಬೂತಿನ ಲೆಕ್ಕ ಇರುತ್ತದೆ. ಬಿಳಿಕೆರೆ ಹೋಬಳಿಯ ಬೂತುಗಳನ್ನು ಆ ಮೂರೂ ಚುನಾವಣೆಗೆ ಅಕ್ಕಪಕ್ಕ ಇಟ್ಟು ನೋಡಿ. ಯಾವ ಊರು ಮನುಷ್ಯನ ಹಿಂದೆ ಹೋಯಿತು, ಯಾವ ಊರು ಪಕ್ಷದ ಹಿಂದೆ ನಿಂತಿತು? ಕಟ್ಟೆಯ ಮೇಲೆ ಕೂತು ಊಹೆ ಹೇಳುವವರ ನಡುವೆ ನೀವು ಅಂಕಿ ಇಟ್ಟು ಮಾತಾಡುತ್ತೀರಿ. ಅಷ್ಟಕ್ಕೆ ಸರಾಸರಿ, ಶೇಕಡಾವಾರು, ಸ್ವಲ್ಪ ಸಂಖ್ಯಾಶಾಸ್ತ್ರ ಸಾಕು. ನಿಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಸಿಗದಿದ್ದರೆ ಅರ್ಥಶಾಸ್ತ್ರದ ಜೊತೆ ಬರುವ ಆ ಒಂದು ಪೇಪರನ್ನಾದರೂ ಬಿಡಬೇಡಿ. ಹೊರದೇಶದ ರಾಜ್ಯಶಾಸ್ತ್ರ ಈಗ ಅರ್ಧಕ್ಕರ್ಧ ಅಂಕಿಯ ಮೇಲೆ ನಿಂತಿದೆ, ಅದು ಗೊತ್ತಿಲ್ಲದವನು ಅಲ್ಲಿ ಮೊದಲ ವರ್ಷವೇ ಒದ್ದಾಡುತ್ತಾನೆ.

ಎಚ್.ಡಿ. ಕೋಟೆಯ ಹುಡುಗರು ಯಾರಾದರೂ ಬಂದಿದ್ದೀರಾ? ಹಿಂದೆ ಕೂತಿದ್ದೀರಿ, ಸರಿ. ನಿಮ್ಮ ನಾಗರಹೊಳೆಯಿಂದ ಎತ್ತಂಗಡಿಯಾದ ಜೇನುಕುರುಬರು, ಕಾಡುಕುರುಬರು, ಯರವರು ಎಷ್ಟು ಮನೆಯವರು ಅಂತ ಸರ್ಕಾರದ ಬಳಿ ನೆಟ್ಟಗೆ ಲೆಕ್ಕ ಇರಲಿಲ್ಲ. ಹೈಕೋರ್ಟು ನೇಮಿಸಿದ ಸಮಿತಿ 2014ರಲ್ಲಿ ವರದಿ ಕೊಟ್ಟಿತು: 3,418 ಕುಟುಂಬ. ಆ ಸಮಿತಿಯ ಅಧ್ಯಕ್ಷರು ಯಾರು? ವಕೀಲರಲ್ಲ, ಐಎಎಸ್ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರದ ಮೇಷ್ಟರು ಪ್ರೊ. ಮುಜಾಫರ್ ಅಸ್ಸಾದಿ. ಕರ್ನಾಟಕದ ರೈತ ಚಳವಳಿಯ ಬಗ್ಗೆ ಪುಸ್ತಕ ಬರೆದವರು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಮಾತಾಡಿದವರು. 2025ರ ಜನವರಿಯಲ್ಲಿ ತೀರಿಕೊಂಡರು. 'ರಾಜ್ಯಶಾಸ್ತ್ರ ಓದಿ ಏನು ಮಾಡ್ತೀಯ, ಎಂ.ಎಲ್.ಎ. ಆಗ್ತೀಯಾ?' ಅಂತ ನಿಮ್ಮ ಚಿಕ್ಕಪ್ಪ ಕೇಳಿದರೆ ಈ 3,418 ಅನ್ನುವ ಸಂಖ್ಯೆ ಹೇಳಿ. ಪಿರಿಯಾಪಟ್ಟಣದವರಿಗಂತೂ ಅಂತರರಾಷ್ಟ್ರೀಯ ಸಂಬಂಧದ ಪಾಠ ಬೈಲಕುಪ್ಪೆಯಲ್ಲೇ ಇದೆ. ಟಿಬೆಟಿನಿಂದ ಬಂದವರಿಗೆ ಅಂದಿನ ಮೈಸೂರು ಸರ್ಕಾರ ಭೂಮಿ ಕೊಟ್ಟು ಅರವತ್ತು ವರ್ಷ ದಾಟಿತು.

ಈಗ ಕನ್ನಡದ ಮಾತು. ಮೂರನೇ ವಿಷಯವಾಗಿ ಐಚ್ಛಿಕ ಕನ್ನಡ ತಗೊಂಡರೆ ನಷ್ಟವೇ? ಈ ಪ್ರಶ್ನೆಯನ್ನು ನನ್ನ ಕಿವಿಯಲ್ಲಿ ಗುಟ್ಟಾಗಿ ಕೇಳಿದ ಹುಡುಗಿ ಇಲ್ಲೇ ಎರಡನೇ ಸಾಲಿನಲ್ಲಿದ್ದಾಳೆ. 'ಕನ್ನಡ ತಗೊಂಡ್ರೆ ಹೊರಗಡೆ ಹೋಗಕ್ಕಾಗಲ್ಲ ಅಂತಾರೆ ಸಾರ್' ಅಂದಳು. ನಾನು ಚಳವಳಿಯವನು, ಹೋಗಲಿ ಬಿಡಮ್ಮ ಕನ್ನಡವೇ ತಗೋ ಅಂತ ಘೋಷಣೆ ಕೂಗಿ ಕೂರಬಹುದು. ಅದು ಮೋಸ. ಸತ್ಯ ಹೇಳುತ್ತೇನೆ ಕೇಳಿ.

ದೆಹಲಿ, ಹೈದರಾಬಾದುಗಳ ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ ಎಂ.ಎ. ಸೇರಲು 2022ರಿಂದ ಸಿಯುಇಟಿ-ಪಿಜಿ ಅನ್ನುವ ಪರೀಕ್ಷೆ. ಡಿಗ್ರಿಗೆ ಸೇರುವ ಸಿಯುಇಟಿಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಅದೇ ಪರೀಕ್ಷೆಯ ಅಣ್ಣನಾದ ಪಿಜಿಯಲ್ಲಿ ರಾಜ್ಯಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಯುಜಿಸಿ-ನೆಟ್ ಕೂಡ ಇಂಗ್ಲಿಷ್ ಮತ್ತು ಹಿಂದಿ. 2024ರಿಂದ ನೆಟ್ ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು ಅಂತ ಮಾಡಿದ್ದಾರೆ. ಇದರ ಅರ್ಥ ಏನು? ಪಾಟ್ನಾದ ಹುಡುಗ, ಜೈಪುರದ ಹುಡುಗಿ ತಾವು ಒಂದನೇ ಕ್ಲಾಸಿನಿಂದ ಓದಿದ ಭಾಷೆಯಲ್ಲಿ ಪ್ರಶ್ನೆ ಓದಿಕೊಂಡು ಉತ್ತರ ಗುರುತಿಸುತ್ತಾರೆ. ಬಿಳಿಕೆರೆಯ ಹುಡುಗಿ ಅದೇ ಹೊತ್ತಿನಲ್ಲಿ ಮೊದಲು ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಆಮೇಲೆ ಉತ್ತರ ಹುಡುಕಬೇಕು. ಇಬ್ಬರಿಗೂ ಗಡಿಯಾರ ಒಂದೇ. ಇದನ್ನು ಸಮಾನ ಅವಕಾಶ ಅಂತ ಕರೆಯುತ್ತಾರೆ! ನಮ್ಮ ಕೆ-ಸೆಟ್ ಹಾಗಲ್ಲ, ಕನ್ನಡದಲ್ಲೂ ಪ್ರಶ್ನೆ ಇರುತ್ತದೆ. ಆದರೆ ಅದು ಅಧ್ಯಾಪಕರಾಗುವ ಅರ್ಹತೆ ಮಾತ್ರ ಕೊಡುತ್ತದೆ, ಸಂಶೋಧನೆಗೆ ತಿಂಗಳ ದುಡ್ಡು ಕೊಡುವ ಜೆಆರ್‌ಎಫ್ ಸಿಗುವುದು ನೆಟ್‌ನಿಂದ.

ಡಿಗ್ರಿಗೆ 13 ಭಾಷೆ ಸಾಧ್ಯವಾದರೆ ಎಂ.ಎ.ಗೆ ಯಾಕೆ ಆಗದು? ಇದು ನಾವು ಬೀದಿಯಲ್ಲಿ ಕೇಳಬೇಕಾದ ಪ್ರಶ್ನೆ. ಕೇಳೋಣ, ಅದು ನಮ್ಮಂಥವರ ಕೆಲಸ. ಆದರೆ ಬೇಡಿಕೆ ಈಡೇರುವವರೆಗೆ ನಿಮ್ಮ ಅರ್ಜಿಯ ಕೊನೆ ದಿನಾಂಕ ಕಾಯುವುದಿಲ್ಲ. ಅದಕ್ಕೆ ನನ್ನ ಸಲಹೆ: ಐಚ್ಛಿಕ ಕನ್ನಡ ಬೇಕೆನಿಸಿದರೆ ಧೈರ್ಯವಾಗಿ ತಗೊಳ್ಳಿ, ಆದರೆ ಅದನ್ನು ಇಂಗ್ಲಿಷಿನಿಂದ ತಪ್ಪಿಸಿಕೊಳ್ಳುವ ಗುಡಿಸಲು ಮಾಡಿಕೊಳ್ಳಬೇಡಿ. ಮೂರು ವರ್ಷ ದಿನಕ್ಕೆ ಎರಡು ಪುಟ ಇಂಗ್ಲಿಷ್ ರಾಜ್ಯಶಾಸ್ತ್ರ ಓದಿ. ಪ್ರತಿ ಪುಟದ ತಿರುಳನ್ನು ಕನ್ನಡದಲ್ಲಿ ಐದು ಸಾಲು ಬರೆಯಿರಿ. ಪದಕ್ಕೆ ಪದ ಅಲ್ಲ, ಅರ್ಥಕ್ಕೆ. 'ಸಾವರಿನಿಟಿ' ಅಂದರೆ ಪರಮಾಧಿಕಾರ ಅಂತ ಬಾಯಿಪಾಠ ಮಾಡುವುದು ಬೇರೆ, ಗುಂಟೂರಿನ ಮಂಡಳಿಗೂ ನಿಮ್ಮಪ್ಪನ ಬ್ಯಾರನ್ನಿಗೂ ಇರುವ ಸಂಬಂಧದಲ್ಲಿ ಆ ಮಾತನ್ನು ತೋರಿಸುವುದು ಬೇರೆ. ಎರಡನೆಯದು ಬಂದವನಿಗೆ ಇಂಗ್ಲಿಷಿನ ಭಯ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ನನ್ನನ್ನು ಬಂದು ಬೈಯಿರಿ.

ಕನ್ನಡ ಬಲ್ಲ ರಾಜ್ಯಶಾಸ್ತ್ರದವರು ಎಷ್ಟು ಬೇಕಾಗಿದ್ದಾರೆ ಅನ್ನುವುದಕ್ಕೆ ಒಂದೇ ಸಾಕ್ಷಿ ಸಾಕು. 2024ರ ಆಗಸ್ಟಿನಲ್ಲಿ ನಮ್ಮದೇ ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಓದಿದರೆ ಅರ್ಥವೇ ಆಗುತ್ತಿರಲಿಲ್ಲ. ಗಲಾಟೆಯಾಗಿ ಡಿಸೆಂಬರಿನಲ್ಲಿ ಮರುಪರೀಕ್ಷೆ ಮಾಡಿದರು. ಅದರಲ್ಲೂ ತಪ್ಪು! ದೆಹಲಿಯವನು ಕನ್ನಡ ಕೊಡಲಿಲ್ಲ ಅಂತ ಕೂಗಿದೆವು, ಬೆಂಗಳೂರಿನವನು ಕೊಟ್ಟ ಕನ್ನಡ ಕನ್ನಡವಾಗಿರಲಿಲ್ಲ. ಸಂವಿಧಾನ, ಆಡಳಿತ, ಅರ್ಥನೀತಿ ಇವನ್ನೆಲ್ಲ ಅರಿತು ಅದನ್ನು ನಮ್ಮವ್ವ ನಮ್ಮಪ್ಪ ಒಪ್ಪುವ ಕನ್ನಡದಲ್ಲಿ ಬರೆಯುವವರು ಸಿಗದಿದ್ದರೆ ಹೀಗೇ ಆಗುವುದು. ಎಚ್‌ಪಿಕೆ ಓದಿದವನನ್ನು ಕಂಡು ಮೂಗು ಮುರಿಯುವವರು ಈ ಪ್ರಶ್ನೆಪತ್ರಿಕೆಯನ್ನು ಒಂದು ಸಲ ಓದಬೇಕು.

ಇನ್ನು ಮೂರು ವರ್ಷವೋ ನಾಲ್ಕು ವರ್ಷವೋ ಅನ್ನುವ ಗೊಂದಲ. ರಾಜ್ಯದೊಳಗೆ ಎಂ.ಎ. ಮಾಡುವವರಿಗೆ ಮೂರು ವರ್ಷ ಸಾಕು, ಮುಂದೆ ಎರಡು ವರ್ಷದ ಎಂ.ಎ. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ತೆಗೆದವರು ನೇರ ಪಿಎಚ್.ಡಿ.ಗೆ ಹೋಗಬಹುದು, ಮೂರು ವರ್ಷದವರು ಎಂ.ಎ. ದಾಟಿಯೇ ಹೋಗಬೇಕು. ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳು ನಮ್ಮ ಮೂರು ವರ್ಷದ ಡಿಗ್ರಿಯನ್ನು ಪೂರ್ತಿ ಒಪ್ಪುವುದಿಲ್ಲ, ಎಂ.ಎ. ಮುಗಿಸಿಕೊಂಡು ಹೋದರೆ ಆ ತಂಟೆ ಇಲ್ಲ. ಬ್ರಿಟನ್ನಿನವರಿಗೆ ಅವರದ್ದೇ ಮೂರು ವರ್ಷ. ಹೊರಗೆ ಹೋಗುವ ಆಸೆ ಇದ್ದರೆ ಒಂದು ವಿಷಯ ತಿಳಿದಿರಲಿ: ಅಮೆರಿಕದಲ್ಲಿ ಎಂ.ಎ.ಗೆ ಸಾಮಾನ್ಯವಾಗಿ ನೀವು ದುಡ್ಡು ಕಟ್ಟಬೇಕು, ಒಳ್ಳೆಯ ಕಡೆ ಪಿಎಚ್.ಡಿ.ಗೆ ಸೇರಿದರೆ ಅವರೇ ನಿಮಗೆ ಕೊಡುತ್ತಾರೆ. ಹೊಲ ಅಡ ಇಡುವ ಮೊದಲು ಈ ವ್ಯತ್ಯಾಸವನ್ನು ಮನೆಯವರಿಗೆ ಬಿಡಿಸಿ ಹೇಳಿ. ಏಜೆಂಟರು ಹೇಳುವುದಿಲ್ಲ.

ಆ ಎರಡನೇ ಸಾಲಿನ ತಂಗಿಗೆ ನನ್ನ ಉತ್ತರ ಇದು. ನೀನು ತಂಬಾಕಿನ ಬಗ್ಗೆ ಬರೆಯಬೇಕು ಅಂದೆಯಲ್ಲ, ಹಾಗಾದರೆ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಕನ್ನಡ, ಈ ಮೂರೂ ಕೂಡಿ ಸಿಗುವ ಕಾಲೇಜು ಹುಡುಕು. ಸಿಗದಿದ್ದರೆ ಕನ್ನಡವನ್ನು ಭಾಷಾ ಪತ್ರಿಕೆಯಾಗಿ ಇಟ್ಟುಕೊಂಡು ಮೂರನೆಯದಕ್ಕೆ ಸಮಾಜಶಾಸ್ತ್ರ ತಗೋ. ನಿನ್ನ ಗೆಳತಿ ಕೋರ್ಟು, ಕಾನೂನು ಅಂತಾಳೆ, ಅವಳು ಇತಿಹಾಸ ಬಿಡಬಾರದು. ಬಿ.ಎಸ್ಸಿ. ಓದುತ್ತ ಇಲ್ಲಿಗೆ ಬಂದಿರುವ ಇಬ್ಬರು ಹುಡುಗರಿಗೆ: ಓದುತ್ತಿರುವುದನ್ನು ಬಿಟ್ಟು ಬರಬೇಡಿ. ನಿಮಗೆ ಜೆಎನ್‌ಯು ಬಾಗಿಲು ತೆರೆದೇ ಇದೆ, ಗಣಿತ ಬೇರೆ ಕೈಯಲ್ಲಿದೆ. ಈಗಿನಿಂದಲೇ ರಾಜ್ಯಶಾಸ್ತ್ರದ ಮೂಲ ಪುಸ್ತಕ ಹಿಡಿಯಿರಿ.

ನೀವೆಲ್ಲ ಒಂದು ಕೆಲಸ ಮಾಡಿ. ಸೇರಬೇಕೆಂದಿರುವ ಮೂರು ಎಂ.ಎ. ವಿಭಾಗಗಳ ಪ್ರವೇಶ ಪ್ರಕಟಣೆಯನ್ನು ಈ ವಾರವೇ ತರಿಸಿ, ಅರ್ಹತೆ ಅನ್ನುವ ಪ್ಯಾರಾವನ್ನು ನೀವೇ ಓದಿ, ಅಡಿಗೆರೆ ಎಳೆಯಿರಿ. ಕೌಂಟರಿಗೆ ಹೋಗುವಾಗ ಆ ಕಾಗದ ಜೇಬಿನಲ್ಲಿರಲಿ. 'ಅದು ತುಂಬಿಹೋಗಿದೆ' ಅಂದರೆ 'ಕಾಯುವ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳಿ ಸಾರ್' ಅನ್ನಿ. ಬಸ್ಸು ಹೋದರೆ ಇನ್ನೊಂದು ಬರುತ್ತದೆ.

ಈಗ ಪ್ರಶ್ನೆ ಕೇಳಿ. ಏಳು ಗಂಟೆ ಬಸ್ಸಿಗೆ ಕೆ.ಆರ್. ನಗರದ ಕಡೆ ಹೋಗುವವರು ಮೊದಲು ಕೇಳಿ, ಮೈಸೂರಿನವರು ಆಮೇಲೆ.